ಕುಟುರ ಹಕ್ಕಿಗೆ ಓಗೊಟ್ಟ ನೀಲಕ್ಕ

ಕಲ್ಲಾಪುರ, ೨೧೯೪, ಮುಚ್ಚುಗಾಲದ ಮೊದಲ ವಾರ

ಕಲ್ಲಿನ ಕ್ವಾರಿಯಲ್ಲಿ ಗಿಡ ನೆಟ್ಟ ಹಿರಿಯರಿಗೆ,

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ಮುಚ್ಚುಗಾಲವೆಂದರೆ ಬಿಸಿಲಿನ ಝಳಕ್ಕೆ ಹಗಲಲ್ಲಿ ಯಾರೂ ಮನೆಯಿಂದ ಹೊರಬೀಳದ ತಿಂಗಳುಗಳು. ಅದು ಶುರುವಾಗುವ ಮುನ್ನ ನನ್ನಕ್ಕ ನೀಲವ್ವನಿಗೆ ನಿಮ್ಮ ಕಾಡು ತೋರಿಸಲು ನೆರಳುಚೀಟಿ ಪಡೆದೆ. ಮರದಡಿ ಅರ್ಧ ದಿನ ಕೂರಲು ಕೊಡುವ ಅನುಮತಿ ಅದು. ಅಕ್ಕನ ಶ್ವಾಸಕೋಶ ಕೆಟ್ಟಿತ್ತು. ಇನ್ನೊಂದು ಬೇಸಿಗೆ ತಾನು ಕಾಣುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

ಬೇಲಿಯ ಬಾಗಿಲು ತೆರೆದವಳು ಕಾಡು ಕಾಯುವ ಹುಸೇನಬಿ. ಬಂಡೆಗೋಡೆಯ ಮೇಲೆ ಇನ್ನೂ ಉಳಿದಿರುವ ಉಳಿಯ ಗುರುತುಗಳನ್ನು ತೋರಿಸಿದಳು. ಇಲ್ಲಿ ಕಲ್ಲು ಒಡೆದ ನೀವೇ, ಕಲ್ಲು ಮುಗಿದ ಮೇಲೆ, ಆ ಗುಂಡಿಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿ ಅತ್ತಿ, ಬೇವು, ಕಮರದ ಗಿಡ ನೆಟ್ಟಿರಂತೆ. ಮುಂಗುಸಿಯೊಂದು ನಮ್ಮನ್ನು ಲೆಕ್ಕಿಸದೆ ದಾಟಿ ಹೋಯಿತು. ಹೊಂಡದ ದಂಡೆಯಲ್ಲಿ ಆಮೆಯಿತ್ತು. ಅಕ್ಕ ಚಪ್ಪಲಿ ಬಿಟ್ಟು ತರಗೆಲೆಯ ಮೇಲೆ ನಿಂತಳು. ನೆಲ ತಣ್ಣಗಿದೆ ಎಂದು ಎರಡು ಸಲ ಹೇಳಿದಳು.

ಆಗ ಅತ್ತಿಮರದಿಂದ ಕುಟುರ ಹಕ್ಕಿ ಕೂಗಿತು. ಕುಟ್ರೂ, ಕುಟ್ರೂ. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು, ನಮ್ಮವ್ವ ಕಲಿಸಿದ್ದ ಹಾಗೆಯೇ ಓಗೊಟ್ಟಳು. ಹಕ್ಕಿ ತಟ್ಟನೆ ಸುಮ್ಮನಾಯಿತು. ಕೊಂಬೆಯಿಂದ ಕೊಂಬೆಗೆ ಇಳಿದು, ಎರಡು ಮಾರು ದೂರದಲ್ಲಿ ಕೂತು ಅಕ್ಕನನ್ನು ನೋಡಿತು. ಆಮೇಲೆ ಕತ್ತು ಚಾಚಿ ಅವಳ ಬೆನ್ನ ಹಿಂದೆ ಹುಡುಕಿತು.

"ಮತ್ತ ಕೂಗಬ್ಯಾಡ್ರಿ ಅಕ್ಕಾರ," ಎಂದಳು ಹುಸೇನಬಿ. "ಇದರ ಜೋಡಿ ಸತ್ತು ನಾಕು ವರ್ಷಾತು. ಇದು ನಂಬಿಬಿಡ್ತದ."

"ಬ್ಯಾರೆ ಕಾಡಿನ್ಯಾಗ ಇಲ್ಲೇನು?" ಎಂದು ನಾನು ಕೇಳಿದೆ.

"ಹೊಳಿ ಆಚೆ ಅದಾವ. ನಡುವ ಬರೇ ಬಯಲು, ಆ ಬಿಸಿಲಾಗ ಹಾರಿ ಬರೂದು ಹ್ಯಾಂಗ? ಒಮ್ಮೆ ಹಿಡಿದು ತಂದು ಬಿಟ್ವಿ. ಉಳೀಲಿಲ್ಲ."

ಅಕ್ಕ ಬಾಯಿಗೆ ಹಿಡಿದಿದ್ದ ಕೈ ಇಳಿಸಿದಳು. ನಾವು ಹೊರಡುವವರೆಗೂ ಹಕ್ಕಿ ಆ ಕೊಂಬೆ ಬಿಟ್ಟು ಏಳಲಿಲ್ಲ. ದಾರಿಯಲ್ಲಿ ಅವಳು ಆ ಹಕ್ಕಿಗಾಗಿ ಅತ್ತಳು. ತನಗಾಗಿ ಅವಳು ಅತ್ತಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಮೊನ್ನೆ ತೀರಿಕೊಂಡಳು. ಮುಚ್ಚುಗಾಲವಾದ್ದರಿಂದ ಮಣ್ಣಿಗೆ ನಾಲ್ವರೇ ಬಂದರು.

ಈ ಓಲೆ ಎಷ್ಟೋ ತಲೆಮಾರು ಹಿಂದಿರುವ ನಿಮ್ಮನ್ನು ಮುಟ್ಟುವುದಿಲ್ಲವೆಂದು ಬಲ್ಲೆ. ಆದರೂ ಕೇಳುತ್ತೇನೆ. ಬೇಲಿ ಹಾಕಿದ ದಿನ ಕೆಲಸ ಮುಗಿಯಿತೆಂದು ಮನೆಗೆ ಹೋಗಬೇಡಿ. ಹೊಳೆಯವರೆಗೆ ಗಿಡ ನೆಡುತ್ತ ಹೋಗಿ. ಅಗಲ ಬೇಕಿಲ್ಲ, ಒಂದು ಸಾಲಾದರೂ ಸಾಕು.

ಇಂತಿ,
ಶಿವಗಂಗವ್ವ