ಎಚ್ಚರವಿರುವಾಗಲೇ

ಡಾಕ್ಟರಮ್ಮನವರಿಗೆ ಬಾರ್ಕೂರಿನ ಅಕ್ಷಿತಾಳ ನಮಸ್ಕಾರಗಳು.

ನಿಮ್ಮೆದುರು ಕುಳಿತರೆ ನನಗೆ ಮಾತೇ ಹೊರಡುವುದಿಲ್ಲ, ಅದಕ್ಕೇ ಬರೆದು ನರ್ಸ್ ಕೈಯಲ್ಲಿ ಕೊಡುತ್ತಿದ್ದೇನೆ. ಮಗು ಅಡ್ಡ ಮಲಗಿದೆ, ಸಿಸೇರಿಯನ್ನೇ ಆಗಬೇಕು ಎಂದು ನೀವು ಹೇಳಿದಾಗ ತಲೆಯಾಡಿಸಿದೆ. ಹೊರಗೆ ಬಂದ ಮೇಲೆ ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದೆ.

ಮನೆಯಲ್ಲಿ ಅತ್ತೆ, "ನಾನ್ ಮೂರೂ ಮಕ್ಳನ್ನ್ ಮನೆಯಗೇ ಹೆತ್ತದ್ದ್. ಇನ್ನೊಂಚೂರ್ ಕಾಂಬ" ಎಂದು ಕಾಯಲು ಹೇಳಿದರು. ಅಮ್ಮ ಫೋನಿನಲ್ಲಿ, "ಡಾಕ್ಟ್ರ್ ಹೇಳ್ದಂಗೆ ಮಾಡ್ ಮಗಾ" ಎಂದವಳು ತಾನೇ ಅತ್ತಳು. ನನಗೆ ಇಬ್ಬರ ಮಾತೂ ಸರಿ ಅನ್ನಿಸಿತು. ಮೀನು ತರುವ ಸರಸಕ್ಕ ನನ್ನನ್ನು ಹಿತ್ತಲ ಬದಿಗೆ ಕರೆದು, ಸೀರೆ ಸರಿಸಿ ತನ್ನ ಹೊಟ್ಟೆಯ ಮೇಲಿನ ಗೆರೆ ತೋರಿಸಿದಳು. "ಕಾಣ್, ಇಷ್ಟೇ ಇಪ್ಪುದ್. ಮಗ ಈಗ ಕಾಲೇಜಿಗೆ ಹೋತ." ಗೆರೆ ನಿಜಕ್ಕೂ ಸಣ್ಣದೇ, ಮುಟ್ಟಿ ನೋಡಿದೆ. ಆ ಸಂಜೆ ಹೊಟ್ಟೆ ತುಂಬ ಉಂಡೆ. ಬೆಳಗಾಗುವಾಗ ಹೆದರಿಕೆ ಮತ್ತೆ ಬಂದಿತ್ತು.

"ನಿಂಗೆ ಹೆದ್ರಿಕೆ ಎಂತದ್ದ್?" ಎಂದು ಗಂಡ ನಿತೇಶ್ ಕೇಳಿದರೆ ಒಂದೊಂದು ಸಲ ಒಂದೊಂದು ಹೇಳಿದೆ. ಒಮ್ಮೆ ಬೆನ್ನಿಗೆ ಕೊಡುವ ಇಂಜೆಕ್ಷನ್ನು, ಒಮ್ಮೆ ಎಚ್ಚರವಿರುವಾಗಲೇ ಕೊಯ್ಯುವುದು, ಒಮ್ಮೆ ಮಗು ಅಳದೇ ಹೋದರೆ ಎಂಬುದು.

ಸೋಮವಾರ ಆಪರೇಷನ್ನಿಗೆ ಖಂಡಿತ ಬರುತ್ತೇನೆ. ಪೂರ್ತಿ ನಿದ್ದೆ ಬರಿಸಿಬಿಡಿ ಎಂದು ಕೇಳಬೇಕೆಂದಿದ್ದೆ. ಬೇಡ, ಮಗುವಿನ ಮೊದಲ ಅಳು ನನಗೂ ಕೇಳಬೇಕು. ಆದರೆ ಒಬ್ಬ ನರ್ಸ್ ನನ್ನ ಕೈ ಹಿಡಿದುಕೊಂಡಿರಲಿ. ಬಿಡಿ ಎಂದು ನಾನೇ ಕೂಗಿದರೂ ಅವರು ಬಿಡಬಾರದು.

ನಿಮ್ಮನ್ನೇ ನಂಬಿರುವ,
ಅಕ್ಷಿತಾ