ಟ್ರಂಕ್ ಕಾಲಿನಲ್ಲಿ ಬಂದ ಮನೆಯ ಮಾತು

ಹೇರೋಹಳ್ಳಿ,
ಆಗಸ್ಟ್ ೧೯೮೯, ಭಾನುವಾರ

ಪಂಚಾಕ್ಷರಿ,

ಕಾಗದ ಶುರು ಮಾಡುವಾಗ ಕ್ಷೇಮ ಕೇಳಬೇಕು. ನಿನ್ನನ್ನು ಹಾಗೆ ಕೇಳುವ ಯೋಗ್ಯತೆ ನನಗಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ನಿನ್ನ ಮೇಲೆ ಒಂದು ಸಿನಿಮಾ ಬಂದಿದೆ ಕಣೋ. ಯುದ್ಧದ ವರದಿಗೆಂದು ಹೋಗಿ ಮಂಚದ ಕೆಳಗೆ ಸಂಸಾರ ಹೂಡುವ ಪುಕ್ಕಲ ಪತ್ರಕರ್ತನ ಕಥೆ. ಪೂರ್ತಿ ನಗು, ಕೊನೆಗೆ ಸ್ವಲ್ಪ ಕಣ್ಣೀರು. ಕಥೆ, ಸಂಭಾಷಣೆ ನನ್ನದೇ. ಈಗಲೇ ಬಯ್ಯಬೇಡ, ಬಯ್ಯುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ.

ಪತ್ರಿಕೆ ನಿನ್ನನ್ನು ಲಂಕೆಯ ಯುದ್ಧಕ್ಕೆ ಕಳಿಸಿದಾಗ ನಿನ್ನ ವರದಿ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಿತ್ತು. ಸಂಜೆ ಆರಕ್ಕೆ ಟ್ರಂಕ್ ಕಾಲ್. ಗೊರಗೊರ ಸದ್ದಿನ ನಡುವೆ ನೀನು ಒಂದೊಂದೇ ವಾಕ್ಯ ಹೇಳುವುದು, ನಾನು ರಿಸೀವರನ್ನು ಕಿವಿಗೆ ಒತ್ತಿಕೊಂಡು ಗೀಚುವುದು. ಆದರೆ ವರದಿಗೆ ಮುಂಚೆ ಒಂದು ನಗೆಮಾತು ಆಗಲೇಬೇಕು. "ಗುರು, ಇವತ್ತು ಹತ್ರದಲ್ಲೇ ಶೆಲ್ ಬಿತ್ತು. ಸೊಳ್ಳೆಪರದೆ ಒಳಗೆ ಹೋಗಿ ಕೂತ್ಕೊಂಡೆ, ಸೇಫು" ಅನ್ನುತ್ತಿದ್ದೆ. ಒಮ್ಮೊಮ್ಮೆ ನಿಮ್ಮ ರೋಣದ ಕಡೆಯ ಭಾಷೆಯನ್ನು ಎಳೆದೆಳೆದು ಆಡಿ ನಗಿಸುತ್ತಿದ್ದೆ. ವರದಿ ಅಚ್ಚಿಗೆ ಹೋಗುತ್ತಿತ್ತು, ನಗೆಮಾತು ನನ್ನ ನೋಟ್‌ಬುಕ್ಕಿಗೆ. ಆ ನೋಟ್‌ಬುಕ್ಕೇ ಈಗ ಸಿನಿಮಾ ಆಗಿದೆ.

ಆ ಕೊನೆಯ ಕರೆ ನೆನಪಿದೆಯಾ? "ಬೆಟ್ಯಾ, ನನ್ನ ಕೈಲೆ ಆಗೂದಿಲ್ಲೋ. ನನ್ನ ವಾಪಸ್ ಕರಿಸ್ಕೋ. ಸಂಪಾದಕರಿಗೆ ಹೇಳು" ಎಂದು ನೀನಂದೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಕಡೆಯ ಭಾಷೆ ಕಿವಿಗೆ ಬಿದ್ದರೆ ನಗುವುದು ನಮ್ಮ ಬೆಂಗಳೂರಿನವರಿಗೆ ಸಿನಿಮಾ ನೋಡಿ ನೋಡಿ ಅಭ್ಯಾಸ. "ಸಾಕು ಮಗಾ ನಾಟಕ. ವರದಿ ಹೇಳು, ಲೈನ್ ಕಟ್ಟಾಗುತ್ತೆ" ಎಂದೆ. ನೀನು ನಮ್ಮ ಬೆಂಗಳೂರು ಕನ್ನಡಕ್ಕೆ ತಿರುಗಿ ಪೂರ್ತಿ ವರದಿ ಹೇಳಿದೆ. ನಾಲ್ಕನೇ ದಿನ ನೀನಿದ್ದ ಜೀಪು ನೆಲಬಾಂಬಿನ ಮೇಲೆ ಹೋಯಿತು.

ಎರಡು ವರ್ಷ ಆ ಕರೆಯ ವಿಷಯ ನಿನ್ನ ಅವ್ವನಿಗೆ ಹೇಳಲಿಲ್ಲ. "ಕೊನೇವರೆಗೂ ನಗ್ತಾನೇ ಇದ್ದ ಅವ್ವಾ" ಎನ್ನುತ್ತಾ, ಬಸವೇಶ್ವರನಗರದ ನಿಮ್ಮ ಮನೆಯಲ್ಲಿ ಅವರು ಬಡಿಸಿದ ರೊಟ್ಟಿ ತಿಂದು ಬರುತ್ತಿದ್ದೆ. ಹಾಳಾದವನು, ನಾನೂ ಅದನ್ನೇ ನಂಬಿಕೊಂಡಿದ್ದೆ. ಆ ಮಾತನ್ನೂ ನಗೆಮಾತೆಂದೇ ಸಿನಿಮಾಕ್ಕೆ ಬರೆದುಕೊಟ್ಟೆ.

ಮೊನ್ನೆ ನಿನ್ನ ಅವ್ವ ಶಾಂತವ್ವನವರೇ ಹಟ ಹಿಡಿದರು, ಮಗನ ಸಿನಿಮಾ ನೋಡಬೇಕು ಅಂತ. ರಾಜಾಜಿನಗರದ ಥಿಯೇಟರಿಗೆ ಮ್ಯಾಟಿನಿಗೆ ಕರೆದುಕೊಂಡು ಹೋದೆ. ಮೊದಲರ್ಧ ಸೆರಗನ್ನು ಬಾಯಿಗೆ ಹಿಡಿದು ನಕ್ಕರು, ನನಗೆ ಧೈರ್ಯ ಬಂತು. ಆಮೇಲೆ ಆ ದೃಶ್ಯ. ನಟ ಮಂಚದ ಕೆಳಗೆ ಮಲಗಿಕೊಂಡು, ಫೋನಿನಲ್ಲಿ ನಿನ್ನ ಮಾತನ್ನು ಎಳೆದೆಳೆದು ಹೇಳಿದ. ಇಡೀ ಥಿಯೇಟರು ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಿಂದ ಶಿಳ್ಳೆ. ನಿನ್ನ ಅವ್ವ ನಗಲಿಲ್ಲ. ಪರದೆ ಬಿಟ್ಟು ನನ್ನ ಮುಖ ನೋಡುತ್ತಿದ್ದರು.

ಬಸ್ ಸ್ಟಾಪಿನಲ್ಲಿ ಕೂತಾಗ ಕೇಳಿದರು: "ಬೆಟ್ಟಯ್ಯಾ, ಆ ಮಾತು ನೀ ಕಟ್ಟಿದ್ದೋ, ಅಂವಾ ಅಂದಿದ್ದೋ?"

ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಆಗಲಿಲ್ಲ ಕಣೋ. "ಅವನೇ ಅಂದಿದ್ದು ಅವ್ವಾ. ತಮಾಷೆ ಅಂದ್ಕೊಂಡು ನಕ್ಕುಬಿಟ್ಟೆ. ಸಂಪಾದಕರಿಗೂ ಹೇಳ್ಲಿಲ್ಲ."

ಹತ್ತನೇ ವಯಸ್ಸಿನಲ್ಲಿ ನೀನು ಬೆಂಗಳೂರಿಗೆ ಬಂದಾಗ ಶಾಲೆಯ ಹುಡುಗರೆಲ್ಲ ನಿನ್ನ ಮಾತಿಗೆ ನಕ್ಕರಂತೆ. ಒಂದೇ ತಿಂಗಳಲ್ಲಿ ನಮ್ಮ ಹಾಗೆ ಮಾತಾಡಲು ಕಲಿತುಬಿಟ್ಟೆಯಂತೆ. ನಿನ್ನ ಅವ್ವ ಅದನ್ನೆಲ್ಲ ಹೇಳಿ, "ಮಂದಿನ್ನ ನಗಸಾಕ ಎಳೆದು ಮಾತಾಡತಿದ್ದ. ಖರೇ ಅಂಜಿದಾಗ ಎಳೀದೇ, ತಾನಾಗೇ ಬರ್ತಿತ್ತು. ಅದು ನಗೂ ಮಾತಲ್ಲೋ ಯಪ್ಪಾ, ನಮ್ಮ ಮನಿ ಮಾತು" ಎಂದರು.

ಆಗ ನನಗೆ ಹೊಳೆಯಿತು. ಆ ದಿನ ನೀನು ಎಳೆದಿರಲೇ ಇಲ್ಲ. ಸಣ್ಣ ದನಿಯಲ್ಲಿ, ಬೇಗ ಬೇಗ ಹೇಳಿದ್ದೆ.

ರಸ್ತೆಯಲ್ಲೇ ನಾಚಿಕೆ ಬಿಟ್ಟು ಅತ್ತೆ. "ಆ ದೃಶ್ಯ ತೆಗೆಸಿಬಿಡ್ತೀನಿ ಅವ್ವಾ" ಎಂದೆ. ಅವರು ಬಯ್ಯಲಿಲ್ಲ. ಹೋಗಲಿ ಬಿಡು ಎಂದೂ ಹೇಳಲಿಲ್ಲ. ಬಸ್ಸು ಬಂದಾಗ ಎದ್ದು ನಿಂತು, "ತಗೀಬ್ಯಾಡ. ಅಷ್ಟು ಮಂದ್ಯಾಗ ಯಾರರೆ ಒಬ್ಬರು ಕೇಳಿಸ್ಕೊಂಡಾರು" ಎಂದರು.

ಇವತ್ತು ಒಬ್ಬನೇ ಹೋಗಿ ಮತ್ತೆ ನೋಡಿದೆ. ಎಲ್ಲರೂ ನಕ್ಕರು. ನಾನು ಕೇಳಿಸಿಕೊಂಡೆ.

ವಾಪಸ್ ಕರೆಸಿಕೋ ಅಂದಿದ್ದೆ. ನಿನ್ನನ್ನು ಕರೆಸಿಕೊಳ್ಳಲಿಲ್ಲ. ನಿನ್ನ ಮಾತನ್ನಾದರೂ ಎರಡು ವರ್ಷ ತಡವಾಗಿ ಅವ್ವನಿಗೆ ಮುಟ್ಟಿಸಿದ್ದೇನೆ. ನೀನಿರುವ ಕಡೆ ನಿನ್ನ ಮನೆಯ ಮಾತಿಗೆ ಯಾರೂ ನಗದಿರಲಿ.

ಅವತ್ತು ನಕ್ಕವನು,
ಬೆಟ್ಟಯ್ಯ