ಒಗೆಯುವ ಕಲ್ಲು ಒಣಗಿಯೇ ಇತ್ತು

ಅಕ್ಕನಿಗೆ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಪತ್ರ.

ನಿನ್ನೆ ನೀನು ಹೊಳೆಯ ಮೇಲ್ಭಾಗದ ಸೇತುವೆಯಲ್ಲಿ ನೀರಿನ ಅಳತೆಗಂಬ ನೋಡಿ, ಫೋನ್ ಮಾಡಿ "ಗಂಟೆಯಲ್ಲಿ ನಾಲ್ಕಡಿ ಏರಿದೆ ಕಣೋ, ದೋಣಿ ಕಟ್ಟು" ಎಂದಾಗ ರೇಗಿದೆ. "ಅಮ್ಮ ಬಟ್ಟೆ ಒಗೆಯೋ ಕಲ್ಲು ಇನ್ನೂ ಒಣಗೇ ಇದೆ, ನಿನ್ನ ಕಂಬ ನೀನೇ ಇಟ್ಕೋ" ಎಂದೆ. ಆದರೂ ನಿನ್ನ ಕಾಟ ತಾಳಲಾರದೆ, ದೋಣಿ ಹತ್ತಿ ಕೂತಿದ್ದ ಒಂಬತ್ತು ಜನರನ್ನೂ ಇಳಿಸಿದೆ. ಎಲ್ಲರೂ ವಾಚಾಮಗೋಚರ ಬೈದರು. ಅರ್ಧ ಗಂಟೆಗೆ ಕಲ್ಲು ಮುಳುಗಿತು. ನಾವು ದಾಟಬೇಕಿದ್ದ ಜಾಗದಲ್ಲೇ ಬುಡಸಮೇತ ಒಂದು ಮರ ತೇಲಿಹೋಯಿತು. ಬೈದವರೇ ಬಂದು ದೋಣಿಯ ಹಗ್ಗ ಬಿಗಿಯಲು ಕೈಜೋಡಿಸಿದರು.

ಇಳಿದವರಲ್ಲಿ ಅಮ್ಮನೂ ಇದ್ದಳು. ನಿನಗೆ ಹೇಳದೆ ನಿನ್ನನ್ನೇ ನೋಡಲು ಹೊರಟಿದ್ದಳು. ಈಗ ಒಲೆಯ ಮುಂದೆ ಕೂತು, ಕಲ್ಲು ಯಾವಾಗ ಮೇಲೇಳುತ್ತದೋ ಎಂದು ಗೊಣಗುತ್ತಿದ್ದಾಳೆ.

ಕಂಬ ನೀನೇ ಇಟ್ಟುಕೋ, ಅಳತೆ ಮಾತ್ರ ದಿನಾ ಹೇಳು. ನೀನು ಹೇಳುವವರೆಗೆ ಹಗ್ಗ ಬಿಚ್ಚುವುದಿಲ್ಲ.

ನಿನ್ನ ಹಟಮಾರಿ ತಮ್ಮ